ಡಿಸ್ಕ್ ಇಲ್ದೆ ಏಳೋ ಕಂಪ್ಯೂಟರು

ಕೇಳುಗರಿಗೆಲ್ಲ ನಮಸ್ಕಾರ. ಹಾರ್ಡ್ ಡಿಸ್ಕ್ ಕೈಕೊಡ್ತು ಅಂತ ಹಳೇ ಕಂಪ್ಯೂಟರನ್ನ ಮೂಲೆಗೆ ಹಾಕಿದೀರಲ್ಲ, ಇವತ್ತಿನ ಮಾತು ನಿಮಗೇನೇ. ಡಿಸ್ಕ್ ಹೋದ್ರೆ ಕಂಪ್ಯೂಟರೇ ಹೋಯ್ತು ಅಂತ ದಯವಿಟ್ಟು ಅಂದ್ಕೋಬೇಡಿ. ಇನ್ನೊಂದು ಕಂಪ್ಯೂಟರನ್ನ ಸರ್ವರ್ ಮಾಡ್ಕೊಂಡು ಒಂದು ನೆಟ್‌ವರ್ಕ್ ಕೇಬಲ್ ಎಳೆದ್ರೆ ಸಾಕು, ಎದ್ದು ಕೂರುತ್ತೆ. ಒಂದೇ ಒಂದು ವಿಷಯ ತಲೇಲಿ ಇಟ್ಕೊಳ್ಳಿ, ಮಿಕ್ಕಿದ್ದು ಮರೆತ್ರೂ ಪರವಾಗಿಲ್ಲ: ಆ ಹಳೇ ಮಷೀನಿನ ನೆಟ್‌ವರ್ಕ್ ಕಾರ್ಡ್ ಡ್ರೈವರು, ಅಂದ್ರೆ ಕಾರ್ಡನ್ನ ನಡೆಸೋ ಪ್ರೋಗ್ರಾಂ, ರಾಮ್‌ಡಿಸ್ಕ್ ಒಳಗೇ ಇರ್ಬೇಕು. ರಾಮ್‌ಡಿಸ್ಕ್ ಏನು ಅಂತ ಈಗ ಹೇಳ್ತೀನಿ.

ನಡೆಯೋದು ಹೀಗೆ. ಮಷೀನ್ ಆನ್ ಮಾಡಿದ ತಕ್ಷಣ ನೆಟ್‌ವರ್ಕ್ ಕಾರ್ಡಿನ ಚಿಪ್ಪಲ್ಲಿರೋ ಪುಟ್ಟ ಪ್ರೋಗ್ರಾಂ ಶುರುವಾಗುತ್ತೆ, ಅದಕ್ಕೆ ಪಿಎಕ್ಸ್‌ಇ ಅಂತಾರೆ, ಇಂಟೆಲ್‌ನವರು ತಂದಿದ್ದು, ಅದರ 2.1 ಆವೃತ್ತಿ ಬಂದಿದ್ದು 1999ರಲ್ಲಿ. 'ನನ್ನ ಐಪಿ ಅಡ್ರೆಸ್ ಯಾವುದು, ಯಾವ ಫೈಲ್ ತಗೊಳ್ಲಿ' ಅಂತ ಅದು ನೆಟ್‌ವರ್ಕ್ ತುಂಬಾ ಕೂಗಿ ಕೇಳುತ್ತೆ, ಅಡ್ರೆಸ್ ಹಂಚೋ ಡಿಎಚ್‌ಸಿಪಿ ಸರ್ವರ್ ಉತ್ತರ ಕೊಡುತ್ತೆ. ಆಮೇಲೆ ಫೈಲ್ ಸಾಗಿಸೋ ಟಿಎಫ್‌ಟಿಪಿ. ಇದು 512 ಬೈಟಿನ ತುತ್ತು ಒಂದೊಂದೇ ಕೊಟ್ಟು, 'ಸಿಕ್ತು' ಅಂದ್ಮೇಲೇನೇ ಮುಂದಿನ ತುತ್ತು ಕೊಡುತ್ತೆ. ಹೀಗೆ ಮೊದ್ಲು ಕರ್ನೆಲ್ಲನ್ನ ಎಬ್ಬಿಸೋ ಬೂಟ್‌ಲೋಡರು, ಅದರ ಹಿಂದೆ ಲಿನಕ್ಸಿನ ತಿರುಳಾದ ಕರ್ನೆಲ್ಲು, ಜೊತೆಗೆ ರಾಮ್‌ಡಿಸ್ಕು. ರಾಮ್‌ಡಿಸ್ಕ್ ಅಂದ್ರೆ ಏನೂ ಇಲ್ಲ, ಒತ್ತಿ ಕಟ್ಟಿದ ಫೈಲುಗಳ ಗಂಟು. ಕರ್ನೆಲ್ ಆ ಗಂಟನ್ನ ಮೆಮೊರಿಯಲ್ಲಿ ಬಿಚ್ಚಿ, ಒಳಗಿರೋ ಇನಿಟ್ ಅನ್ನೋ ಪ್ರೋಗ್ರಾಂಗೆ ಕೆಲಸ ಒಪ್ಪಿಸುತ್ತೆ.

ಎಲ್ಲರೂ ಎಡವೋದು ಇಲ್ಲೇ. ಫೈಲ್ ನೆಟ್‌ವರ್ಕಲ್ಲೇ ಬಂತಲ್ಲ, ಅಂದ್ಮೇಲೆ ನೆಟ್‌ವರ್ಕ್ ಸರಿ ಇದೆ ಅಂತ ನಂಬಿ ಕೂರ್ತೀವಿ. ಆದ್ರೆ ಚಿಪ್ಪಲ್ಲಿದ್ದ ಆ ಪ್ರೋಗ್ರಾಂನ ಕರ್ನೆಲ್ ಮುಟ್ಟೋದೂ ಇಲ್ಲ, ತನ್ನ ಡ್ರೈವರ್ ಹಾಕಿ ಕಾರ್ಡನ್ನ ಮೊದಲಿಂದ ಎಬ್ಬಿಸ್ಬೇಕು. ಡ್ರೈವರ್ ಎಲ್ಲಿದೆ? ಸರ್ವರಿನ ಡಿಸ್ಕಲ್ಲಿ. ಅಲ್ಲಿಗೆ ಹೋಗೋಕೆ ಏನು ಬೇಕು? ಡ್ರೈವರ್ರು! ಬೀಗದ ಕೈ ಒಳಗಿಟ್ಟು ಪೆಟ್ಟಿಗೆಗೆ ಬೀಗ ಹಾಕಿದ ಹಾಗೆ.

ನನಗೆ ಇದು ಅರ್ಥ ಆಗಿದ್ದು ಒಂದು ರಾತ್ರಿ ಪೂರ್ತಿ ಕಳೆದ್ಮೇಲೆ. 64 ಎಂಬಿ ಮೆಮೊರಿ ಇದ್ದ ಮಷೀನು, ಕರ್ನೆಲ್ ಬಂತು, ರಾಮ್‌ಡಿಸ್ಕ್ ಬಂತು, ಪರದೆ ಮೇಲೆ ಅಕ್ಷರ ಸರಸರ ಓಡ್ತು, ಆಮೇಲೆ ಒಂದೇ ಸಾಲು ಮತ್ತೆ ಮತ್ತೆ: 'ನೋ ಡಿವೈಸಸ್ ಟು ಕಾನ್ಫಿಗರ್'. ಕೇಬಲ್ ಬದಲಾಯಿಸ್ದೆ, ಸ್ವಿಚ್ಚಿನ ಪೋರ್ಟ್ ಬದಲಾಯಿಸ್ದೆ, ಸರ್ವರ್ ಸೆಟ್ಟಿಂಗ್ ಎಲ್ಲಾ ತಿರುವಿ ಹಾಕ್ದೆ, ಏನೂ ಪ್ರಯೋಜನ ಇಲ್ಲ. ಬೆಳಗಿನ ಜಾವ ಅದು ಸೋತು ಆದೇಶ ಟೈಪ್ ಮಾಡೋ ಶೆಲ್ ಕೊಟ್ಟಾಗ, ನೆಟ್‌ವರ್ಕ್ ಕಾರ್ಡುಗಳ ಪಟ್ಟಿ ತೋರ್ಸು ಅಂತ 'ಐಪಿ ಲಿಂಕ್' ಟೈಪ್ ಮಾಡ್ದೆ ನೋಡಿ, 'ಲೋ' ಒಂದೇ ಬಂತು, ಅದು ಮಷೀನು ತನ್ನ ಜೊತೆ ತಾನೇ ಮಾತಾಡೋ ದಾರಿ, ನಿಜವಾದ ಕಾರ್ಡಲ್ಲ! ಕಾರ್ಡಿನ ಲೈಟು ಹಸಿರಾಗಿ ಉರೀತಾನೇ ಇದೆ, ಕರ್ನೆಲ್ ಲೆಕ್ಕದಲ್ಲಿ ಮಾತ್ರ ಅಲ್ಲಿ ಕಾರ್ಡೇ ಇಲ್ಲ. ರಾಮ್‌ಡಿಸ್ಕ್ ಚಿಕ್ಕದಾಗಿರ್ಲಿ ಅಂತ ನಾನೇ ಅದರ ಸೆಟ್ಟಿಂಗಲ್ಲಿ 'ಡೆಪ್' ಅಂತ ಹಾಕಿದ್ದೆ, ಹಾಗಂದ್ರೆ ಯಾವ ಮಷೀನಲ್ಲಿ ಗಂಟು ಕಟ್ತೀವೋ ಅದಕ್ಕೆ ಬೇಕಾದ ಡ್ರೈವರ್ ಮಾತ್ರ ತುಂಬು ಅಂತ. ಕಟ್ಟಿದ್ದು ಸರ್ವರಲ್ಲಿ, ಹಾಗಾಗಿ ಒಳಗಿದ್ದಿದ್ದು ಸರ್ವರ್ ಕಾರ್ಡಿನ ಡ್ರೈವರು. ಹಳೇ ಮಷೀನ್ ಬಿಚ್ಚಿ ಕಾರ್ಡಿನ ಚಿಪ್ಪನ್ನ ಬೆಳಕಿಗೆ ಹಿಡಿದ್ರೆ ಆರ್‌ಟಿಎಲ್ 8139 ಅಂತ ಸಣ್ಣಕ್ಷರ. ಮಾಡ್ಯೂಲ್ ಪಟ್ಟೀಲಿ ಆ ಕಾರ್ಡಿನ ಡ್ರೈವರ್ ಹೆಸರು '8139ಟೂ' ಅಂತ ಒಂದು ಸಾಲು ಸೇರಿಸಿ ಗಂಟು ಮತ್ತೆ ಕಟ್ದೆ, ಎರಡನೇ ನಿಮಿಷಕ್ಕೆ ಲಾಗಿನ್ ಬಂತು. ಆ ಖುಷಿ ಇವತ್ತಿಗೂ ಇದೆ ನನಗೆ.

ಸಮಯ ಆಯ್ತು ಅಂತ ಸನ್ನೆ ಮಾಡ್ತಿದಾರೆ, ಬೇಗ ಹೇಳಿಬಿಡ್ತೀನಿ. ಹಳೇ 32 ಬಿಟ್ ಮಷೀನಿಗೆ 64 ಬಿಟ್ ಕರ್ನೆಲ್ ಕೊಡ್ಬೇಡಿ, ನಡೆಯಲ್ಲ. ರಾಮ್‌ಡಿಸ್ಕಿಗೆ ಕಂಡಿದ್ದೆಲ್ಲ ತುಂಬ್ಬೇಡಿ, ಬಿಚ್ಚಿದಾಗ ಅದು ಮೆಮೊರೀನೇ ತಿನ್ನೋದು. ಡಿಸ್ಕಿನ ಜಾಗಕ್ಕೆ, ಸರ್ವರಿನ ಫೈಲುಗಳನ್ನ ನೆಟ್‌ವರ್ಕ್ ಮೂಲಕ ಬಳಸೋಕೆ ಕೊಡೋ ಎನ್‌ಎಫ್‌ಎಸ್ ಬರುತ್ತೆ, ಅದಕ್ಕೆ ಇನ್ನೊಂದು ದಿನ ಬೇಕು. ಬೂಟ್ ಆಗ್ಲಿಲ್ವಾ, ಮೊದ್ಲು ಸರ್ವರಿನ ಡಿಎಚ್‌ಸಿಪಿ ಲಾಗ್ ತೆಗೀರಿ. ನಿಮ್ಮ ಮಷೀನಿನ ಮ್ಯಾಕ್ ಅಡ್ರೆಸ್, ಅಂದ್ರೆ ಅದರ ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ, ಫೈಲ್ ಇಳಿಯೋಕೆ ಮುಂಚೆ ಬಂದು, ಆಮೇಲೆ ಬರ್ಲೇ ಇಲ್ಲ ಅಂದ್ರೆ ಕೇಬಲ್ ಕೀಳೋಕೆ ಹೋಗ್ಬೇಡಿ, ರಾಮ್‌ಡಿಸ್ಕ್ ಬಿಚ್ಚಿ ಡ್ರೈವರ್ ಇದೆಯಾ ನೋಡಿ. ನಮಸ್ಕಾರ.