ಹೆಸರಿಲ್ಲದ ಊರಿನ ವಿಳಾಸ

ಕೇಳುಗರಿಗೆ ನಮಸ್ಕಾರ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ನಮ್ಮ ಮನೆಯ ಕಾಗದ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ದೊಡ್ಡಮ್ಮ ಒಲೆ ಮುಂದೆ ಕೂತು ಹೇಳುತ್ತಿದ್ದರು, ನಾನು ಇನ್‌ಲ್ಯಾಂಡ್ ಲೆಟರಿನಲ್ಲಿ ಬರೆಯುತ್ತಿದ್ದೆ. ಎಮ್ಮೆ ಕರು ಹಾಕಿದ್ದು, ಆಲೂಗೆಡ್ಡೆಗೆ ಅಂಗಮಾರಿ ತಗುಲಿದ್ದು, ಕೆರೆ ಕೋಡಿ ಬಿದ್ದದ್ದು, ಎಲ್ಲವೂ ಅದರಲ್ಲಿ ಹಿಡಿಸಬೇಕು. ಕೊನೆಗೆ ವಿಳಾಸ. ದೊಡ್ಡಪ್ಪನ ನಂಬರು, ಹೆಸರು, ಪಲ್ಟನ್ನು, ಅದರ ಕೆಳಗೆ '56 ಎ.ಪಿ.ಒ.' ಅಷ್ಟೇ. ಊರಿಲ್ಲ, ತಾಲ್ಲೂಕಿಲ್ಲ, ಜಿಲ್ಲೆಯಿಲ್ಲ. ಅದೂ ಒಂದು ಊರೇ ಇರಬೇಕೆಂದು ಶಾಲೆಯ ಗೋಡೆಯ ಭೂಪಟದಲ್ಲಿ ಬೆರಳಿಟ್ಟು ಹುಡುಕಿದ್ದೆ. ಅದು ಸೇನೆಯ ಅಂಚೆಯ ಸಂಖ್ಯೆ, ಪಲ್ಟನ್ನು ಎಲ್ಲಿ ಬೀಡುಬಿಟ್ಟಿದೆ ಎಂದು ಯಾರಿಗೂ ತಿಳಿಯಬಾರದೆಂದೇ ಅದರಲ್ಲಿ ಊರಿನ ಹೆಸರಿರುವುದಿಲ್ಲ ಎಂದು ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ದೊಡ್ಡಪ್ಪ ಸೇನೆಗೆ ರಸ್ತೆ, ಸೇತುವೆ ಕಟ್ಟಿಕೊಡುವ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ ಭರ್ತಿಯಾದವರು. ಅವರಿಂದ ಬರುತ್ತಿದ್ದ ಕಾಗದದಲ್ಲಿ ಮೂರೇ ಸಾಲು. 'ಇಲ್ಲಿ ನಾನು ಕ್ಷೇಮ. ಹವಾ ಚೆನ್ನಾಗಿದೆ. ದನಕರು ಜೋಪಾನ.' ದೊಡ್ಡಮ್ಮ ಆ ಮೂರು ಸಾಲನ್ನು ನನ್ನಿಂದ ಮೂರು ಸಲ ಓದಿಸಿ, 'ಎರಡು ತಿಂಗಳಿಗೊಂದು ಕಾಗದ, ಅದರಲ್ಲೂ ಹವಾನಂತೆ' ಎಂದು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು.

ಕಳೆದ ಮಳೆಗಾಲದಲ್ಲಿ ಬೇಲೂರಿನ ಗ್ರಂಥಾಲಯದಿಂದ ಚೀನಾದೊಂದಿಗೆ ನಡೆದ 1962ರ ಯುದ್ಧದ ಮೇಲಿನ ಪುಸ್ತಕವೊಂದನ್ನು ತಂದೆ. ಯುದ್ಧದ ಪುಸ್ತಕಗಳನ್ನು ನಾನು ಓದುತ್ತಿರಲಿಲ್ಲ. ಅವುಗಳಲ್ಲಿ ಬರೀ ಆರ್ಭಟ ಇರುತ್ತದೆ ಎಂಬ ಭಾವನೆ ನನಗಿತ್ತು. ಅದು ತಪ್ಪು ಎಂದು ತೋರಿಸಿಕೊಟ್ಟದ್ದು ರೆಜಾಂಗ್ ಲಾ ಕಣಿವೆದಾರಿಯ ಅಧ್ಯಾಯ.

ಲಡಾಖ್‌ನ ಚುಶೂಲ್ ಬಳಿ, 16,000 ಅಡಿಗೂ ಮೇಲೆ ಇರುವ ಜಾಗ ಅದು. ನಮ್ಮ ಮುಳ್ಳಯ್ಯನಗಿರಿ 6,300 ಅಡಿ ಚಿಲ್ಲರೆ. ಅದರ ತುದಿಯಲ್ಲಿ ಗಾಳಿ ಬೀಸಿದರೆ ನಾವು ಶಾಲು ಬಿಗಿ ಮಾಡಿಕೊಂಡು ಕಾರಿನ ಕಡೆ ಓಡುತ್ತೇವೆ. ಅದರ ಎರಡೂವರೆ ಪಟ್ಟು ಎತ್ತರದಲ್ಲಿ ಕುಮಾವ್ ರೆಜಿಮೆಂಟಿನ 13ನೇ ಬೆಟಾಲಿಯನ್ನಿನ ಒಂದು ಕಂಪನಿ, ಸುಮಾರು 120 ಜನ, ಕಾವಲಿಗೆ ನಿಂತಿತ್ತು. ಹೆಚ್ಚಿನವರು ಹರಿಯಾಣದ ಬಯಲುಸೀಮೆಯ ರೈತರ ಮಕ್ಕಳು. ಆ ಚಳಿಗೆ ತಕ್ಕ ಬಟ್ಟೆಯಿಲ್ಲ. ಕೈಯಲ್ಲಿದ್ದದ್ದು ಒಂದೊಂದು ಗುಂಡಿಗೂ ಬೋಲ್ಟ್ ಎಳೆಯಬೇಕಾದ ಹಳೆಯ .303 ರೈಫಲ್. ನಡುವೆ ಬೆಟ್ಟ ಅಡ್ಡ ಬಂದದ್ದರಿಂದ ಹಿಂದಿದ್ದ ಫಿರಂಗಿಗಳ ನೆರವೂ ಅವರಿಗೆ ಸಿಗುವಂತಿರಲಿಲ್ಲ. ಅದು ಅವರಿಗೆ ಮೊದಲೇ ಗೊತ್ತಿತ್ತು. ಆ ಸಾಲಿಗೆ ಬಂದಾಗ ನಾನು ಪುಸ್ತಕ ಮಡಚಿಟ್ಟು ಜಗಲಿಗೆ ಬಂದು ಸುಮ್ಮನೆ ಕೂತೆ.

1962ರ ನವೆಂಬರ್ 18ರ ಬೆಳಗಿನ ಜಾವ ದಾಳಿಯಾಯಿತು. 110ಕ್ಕೂ ಹೆಚ್ಚು ಮಂದಿ ಅಲ್ಲೇ ಮಡಿದರು. ಬದುಕುಳಿದ ಕೆಲವರು ನಡೆದದ್ದನ್ನು ಹೇಳಿದರೆ ನಂಬದವರೂ ಇದ್ದರಂತೆ. ಮರುವರ್ಷದ ಆರಂಭದಲ್ಲಿ ಹಿಮದಡಿಯಲ್ಲಿ ದೇಹಗಳು ಸಿಕ್ಕವು. ಬಂದೂಕು ಹಿಡಿದವರು ಹಿಡಿದಂತೆಯೇ ಹೆಪ್ಪುಗಟ್ಟಿದ್ದರು. ಸಾವಿರದಷ್ಟಿದ್ದ ಮಾರ್ಟರ್ ಗುಂಡುಗಳಲ್ಲಿ ಏಳು ಮಾತ್ರ ಉಳಿದಿದ್ದವು. ಗಾಯಗೊಂಡಿದ್ದ ಮೇಜರ್ ಶೈತಾನ್ ಸಿಂಗ್, ನನ್ನನ್ನು ಬಿಟ್ಟು ಹೋಗಿ ಎಂದು ತಮ್ಮ ಸಿಪಾಯಿಗಳಿಗೆ ಅಪ್ಪಣೆ ಮಾಡಿದ್ದ ಬಂಡೆಯ ಮಗ್ಗುಲಲ್ಲೇ ಇದ್ದರು. ಅವರಿಗೆ ಮರಣೋತ್ತರ ಪರಮವೀರ ಚಕ್ರ ಬಂತು. ನನ್ನನ್ನು ನಿದ್ದೆ ಮಾಡಲು ಬಿಡದವನು ಮಾತ್ರ ಇನ್ನೊಬ್ಬ. ಅವನು ಶುಶ್ರೂಷೆಯವನು. ಒಂದು ಕೈಯಲ್ಲಿ ಸಿರಿಂಜ್, ಇನ್ನೊಂದು ಕೈಯಲ್ಲಿ ಬ್ಯಾಂಡೇಜ್ ಬಟ್ಟೆ. ಹಾಗೇ ಸಿಕ್ಕಿದ.

ನಮ್ಮ ಹಾಸನ ಜಿಲ್ಲೆಯಲ್ಲಿ ಎಷ್ಟೋ ಊರುಗಳ ಕೆರೆ ಏರಿಯ ಮೇಲೆ ಒಂದು ವೀರಗಲ್ಲು ಇರುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ನಮ್ಮೂರಿನ ಕಲ್ಲಿಗೆ ಒರಗಿಕೊಂಡೇ ನಾವು ಹುಣಸೆಹಣ್ಣು ತಿಂದು ಬೆಳೆದವರು. ಅದರಲ್ಲಿ ಕತ್ತಿ ಎತ್ತಿದವನಿದ್ದಾನೆ. ಚಳಿಯಿಲ್ಲ, ಕಾಯುವ ರಾತ್ರಿಗಳಿಲ್ಲ, ಬ್ಯಾಂಡೇಜ್ ಸುತ್ತುವವನಿಲ್ಲ. ಅದು ಕೆತ್ತಿದವನ ತಪ್ಪಲ್ಲ. ಆದರೆ ಸೈನಿಕ ಎಂದರೆ ಆ ಕೆಳಗಿನ ಪಟ್ಟಿಕೆ ಮಾತ್ರ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ದೊಡ್ಡಪ್ಪ ಯಾವ ಕಾಳಗದಲ್ಲೂ ಇದ್ದವರಲ್ಲ. ಆದ್ದರಿಂದ ಅವರನ್ನು ಕೇಳುವುದಕ್ಕೆ ಏನೂ ಇಲ್ಲ ಎಂದೂ ತಿಳಿದಿದ್ದೆ. ಒಂದೇ ಸೂರಿನಡಿ ಬೆಳೆದೂ ಅವರ ನೌಕರಿಯ ಬಗ್ಗೆ ಒಂದು ಮಾತು ಕೇಳಿರಲಿಲ್ಲ. ಈಗ ನೆನೆದರೆ ಸಂಕಟವಾಗುತ್ತದೆ.

ಪುಸ್ತಕ ಮುಗಿಸಿದ ಮಾರನೇ ದಿನ ಅದನ್ನು ಹಿಡಿದುಕೊಂಡು ಅವರ ಮನೆಗೆ ಹೋದೆ. ದೊಡ್ಡಪ್ಪ ಹಿತ್ತಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಶುಶ್ರೂಷೆಯವನ ಪುಟ ಓದಿದೆ. ಅವರ ಕೈ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ, 'ಚುಶೂಲ್‌ನಲ್ಲಿ ಅವರ ಸ್ಮಾರಕ ಐತೆ. ನಾವು ಆ ಕಡೆ ಹೋದಾಗೆಲ್ಲ ಸಲ್ಯೂಟ್ ಹೊಡೆದೇ ಮುಂದಕ್ಕೆ ಹೋಗ್ತಿದ್ದುದು' ಎಂದರು.

'ನೀವು ಅಲ್ಲಿದ್ರಾ ದೊಡ್ಡಪ್ಪ?'

'ಎರಡು ಚಳಿಗಾಲ. ರಸ್ತೆ, ಬಂಕರ್ ಕೆಲಸ. ನೀನು ಆಲೂಗೆಡ್ಡೆಗೆ ರೋಗ ಬಂತು ಅಂತ ಬರ್ದಿದ್ಯಲ್ಲ, ಆ ವರ್ಷ.'

ಆಮೇಲೆ ಒಂದೊಂದೇ ಮಾತು ಬಂತು. ಐಸು ಕರಗಿಸಿ ನೀರು ಮಾಡಿಕೊಳ್ಳುತ್ತಿದ್ದದ್ದು. ಅಷ್ಟು ಎತ್ತರದಲ್ಲಿ ನೀರು ಬೇಗ ಕುದಿದರೂ ಅದಕ್ಕೆ ಶಾಖ ಸಾಲದೆ, ಕುಕ್ಕರ್ ಇಲ್ಲದಿದ್ದರೆ ಬೇಳೆ ಬೇಯದೇ ಇದ್ದದ್ದು. ರಾತ್ರಿ ಬುಖಾರಿ ಎಂಬ ಸೀಮೆಎಣ್ಣೆಯ ಒಲೆಯ ಸುತ್ತ ಕೂತು, ಬಂದ ಕಾಗದವನ್ನು ಒಬ್ಬರದು ಇನ್ನೊಬ್ಬರು ಓದುತ್ತಿದ್ದದ್ದು. ನಮ್ಮ ಎಮ್ಮೆ ಕರು ಹಾಕಿದ ಸುದ್ದಿಯನ್ನು ತಮಿಳುನಾಡಿನವರೂ ಆಂಧ್ರದವರೂ ಅರ್ಥ ಕೇಳಿ ತಿಳಿದುಕೊಂಡು ಖುಷಿಪಟ್ಟಿದ್ದರಂತೆ.

'ಮತ್ತೆ ಹವಾ ಚೆನ್ನಾಗಿದೆ ಅಂತ ಬರೀತಿದ್ರಲ್ಲ?' ಎಂದೆ.

ದೊಡ್ಡಪ್ಪ ಮೊರವನ್ನು ಹತ್ತಿರಕ್ಕೆ ಎಳೆದುಕೊಂಡು ಒಳಗೆ ಅಡುಗೆಮನೆಯ ಕಡೆ ಒಮ್ಮೆ ನೋಡಿದರು. ಆಮೇಲೆ ದನಿ ತಗ್ಗಿಸಿ, 'ಹಗಲು ಒಳ್ಳೆ ಬಿಸಿಲಿರ್ತಿತ್ತು ಕಣವ್ವ. ಸುಳ್ಳೇನು ಬರ್ದಿಲ್ಲ' ಎಂದರು.

ನಮಸ್ಕಾರ.