ತೆವರಿಯ ಮೇಲೆ ಕೂತವನ ನಿದ್ದೆ

ಕೇಳುಗರಿಗೆ ನಮಸ್ಕಾರ.

ಮಂಡ್ಯದ ಕಡೆಯ ನಮ್ಮೂರಿನಲ್ಲಿ ನನ್ನ ತಮ್ಮ ಕಬ್ಬು, ಭತ್ತ ಬೆಳೆಯುತ್ತಾನೆ. ನಾಲೆಯಲ್ಲಿ ನೀರಿಲ್ಲದಾಗ ಬೋರ್‌ವೆಲ್ಲೇ ಗತಿ. ಮೋಟರಿಗೆ ತ್ರೀಫೇಸ್ ಕರೆಂಟು ಬೇಕು. ಆ ವಾರ ಅದು ಬರುತ್ತಿದ್ದದ್ದು ರಾತ್ರಿ ಒಂದು ಗಂಟೆಗೆ. ನಾನು ಮೇಷ್ಟ್ರ ಕೆಲಸದಿಂದ ನಿವೃತ್ತನಾಗಿ ಮೈಸೂರಿನಲ್ಲಿದ್ದೇನೆ. ನಡಿಗೆ, ನಿದ್ದೆಯ ಲೆಕ್ಕ ಇಡುವ, ಮಗ ತಂದುಕೊಟ್ಟ ಫಿಟ್‌ನೆಸ್ ಬ್ಯಾಂಡ್ ಕೈಯಲ್ಲಿತ್ತು. ಊರಿಗೆ ಹೋದಾಗ ಸುಮ್ನೆ ತಮಾಷೆಗೆ ಅದನ್ನು ತಮ್ಮನ ಕೈಗೆ ಕಟ್ಟಿದೆ.

ಬೆಳಿಗ್ಗೆ ಮೊಬೈಲಿನಲ್ಲಿ ನೋಡಿದೆವು. ಮನೆಯಿಂದ ಗದ್ದೆಗೆ ನಡೆದದ್ದನ್ನು ಬ್ಯಾಂಡ್ ಎಚ್ಚರ ಅಂತ ಸರಿಯಾಗಿಯೇ ಬರೆದಿತ್ತು. ಆಮೇಲೆ ಮುಕ್ಕಾಲು ಗಂಟೆ ಲೈಟ್ ಸ್ಲೀಪ್, ಅಂದರೆ ಹಗುರ ನಿದ್ದೆ. ನಡುವೆ ಎರಡು ಸಣ್ಣ ಗೆರೆ ಮಾತ್ರ ಎಚ್ಚರ. ಆ ಹೊತ್ತಿನಲ್ಲಿ ಇವನು ಕಂಬಳಿ ಹೊದ್ದು ತೆವರಿಯ, ಅಂದರೆ ಗದ್ದೆಯ ಬದುವಿನ ಮೇಲೆ ಕೂತು, ಗದ್ದೆ ತುಂಬುವುದನ್ನೇ ನೋಡುತ್ತಿದ್ದ. ಎರಡು ಸಲ ಮಡೆ ತಿರುಗಿಸಲು ಎದ್ದಿದ್ದ, ಅಷ್ಟೇ.

"ನಾನು ಮಲಗಿದ್ನಂತಾ? ಹಂಗಾರೆ ನೀರು ಕಟ್ಟಿದ್ದು ಯಾರಣ್ಣ, ಇದಾ?" ಅಂದ.

ಆ ಪ್ರಶ್ನೆಯನ್ನೇ ಹಿಡಿದು ಈ ಮಾತು ಶುರು ಮಾಡುತ್ತೇನೆ.

ನಿದ್ದೆ ನಡೆಯುವುದು ಮಿದುಳಿನಲ್ಲಿ. ಬ್ಯಾಂಡ್ ಇರುವುದು ಮಣಿಕಟ್ಟಿನಲ್ಲಿ. ಅಲ್ಲಿಂದ ಮಿದುಳು ಅದಕ್ಕೆ ಕಾಣುವುದಿಲ್ಲ. ಅದಕ್ಕೆ ಗೊತ್ತಾಗುವುದು ಮುಖ್ಯವಾಗಿ ಎರಡು ವಿಷಯ. ಒಂದು, ಕೈ ಅಲ್ಲಾಡಿತೋ ಇಲ್ಲವೋ. ಇನ್ನೊಂದು, ನಾಡಿ. ಬ್ಯಾಂಡಿನ ಕೆಳಗೆ ಮಿಣುಕುವ ಹಸಿರು ದೀಪ ನೋಡಿದ್ದೀರಲ್ವಾ? ಆ ಬೆಳಕು ಚರ್ಮದೊಳಗೆ ಹೋಗುತ್ತದೆ. ರಕ್ತ ಅದನ್ನು ಹೀರುತ್ತದೆ. ಪ್ರತಿ ಬಡಿತಕ್ಕೂ ರಕ್ತ ಹೆಚ್ಚು ಕಡಿಮೆ ಆಗುತ್ತದೆ, ವಾಪಸ್ ಬರುವ ಬೆಳಕೂ ಹಾಗೇ ಏರಿಳಿಯುತ್ತದೆ. ಅದರಿಂದ ನಾಡಿಯ ಲೆಕ್ಕ. ಗಾಢ ನಿದ್ದೆಯಲ್ಲಿ ನಾಡಿ ನಿಧಾನ, ಉಸಿರು ಒಂದೇ ಸಮ. ಕನಸಿನ ನಿದ್ದೆಯಲ್ಲಿ ಎರಡೂ ಏರುಪೇರು. ಈ ಸುಳಿವು ಹಿಡಿದು ಬ್ಯಾಂಡ್ ಒಂದು ಊಹೆ ಕಟ್ಟುತ್ತದೆ. ಬುದ್ಧಿವಂತ ಊಹೆಯೇ, ಇಲ್ಲ ಅನ್ನುವುದಿಲ್ಲ. ಆದರೂ ಊಹೆ.

ಆಸ್ಪತ್ರೆಯ ಸ್ಲೀಪ್ ಲ್ಯಾಬಿನಲ್ಲಿ ಬೇರೆಯೇ ದಾರಿ. ತಲೆಗೆ ತಂತಿ ಅಂಟಿಸಿ ಮಿದುಳಿನ ಅಲೆ ಬರೆದುಕೊಳ್ಳುತ್ತಾರೆ. ಕಣ್ಣಿನ ಪಕ್ಕ ತಂತಿ, ಗದ್ದಕ್ಕೂ ತಂತಿ. ಗದ್ದಕ್ಕೆ ಯಾಕೆ ಅಂದರೆ, ಕನಸಿನ ನಿದ್ದೆಯಲ್ಲಿ ಅಲ್ಲಿನ ಸ್ನಾಯು ಪೂರಾ ಸಡಿಲವಾಗುತ್ತದೆ. ಆಮೇಲೆ ತರಬೇತಿ ಪಡೆದವರು ಕೂತು, ಇಡೀ ರಾತ್ರಿಯನ್ನು 30 ಸೆಕೆಂಡಿನ ತುಂಡುಗಳಾಗಿ ಮಾಡಿ ಒಂದೊಂದಕ್ಕೂ ಹೆಸರು ಕೊಡುತ್ತಾರೆ. ಎಂಟು ಗಂಟೆಯ ರಾತ್ರಿಗೆ 960 ತುಂಡು. ನಮ್ಮ ಕಾಲದ ಪಬ್ಲಿಕ್ ಪರೀಕ್ಷೆಯ ಪೇಪರ್ ತಿದ್ದಿದ ಹಾಗೆ.

ಈ ಕನಸಿನ ನಿದ್ದೆ ಸಿಕ್ಕ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಯೂಜೀನ್ ಅಸೆರಿನ್‌ಸ್ಕಿ ಅಂತ ಒಬ್ಬ ವಿದ್ಯಾರ್ಥಿ. ಮಿದುಳಿನ ಅಲೆ, ಕಣ್ಣಿನ ಅಲುಗಾಟ ಬರೆಯುವ ಹಳೆಯ ಯಂತ್ರವೊಂದಕ್ಕೆ ತನ್ನ ಎಂಟು ವರ್ಷದ ಮಗನನ್ನೇ ಜೋಡಿಸಿ ಮಲಗಿಸಿದ. ಹುಡುಗ ಮಲಗಿದ್ದಾನೆ, ಕಣ್ಣಿನ ಗೆರೆ ಮಾತ್ರ ಎಚ್ಚರವಾಗಿರುವವನ ಹಾಗೆ ಕುಣಿಯುತ್ತಿದೆ! ಯಂತ್ರ ಕೆಟ್ಟಿದೆ ಅನ್ನುವ ಅನುಮಾನ ಮೊದಲು. ಕೆಟ್ಟಿರಲಿಲ್ಲ. 1953ರಲ್ಲಿ ಅವನೂ ಅವನ ಗುರು ನಥಾನಿಯೆಲ್ ಕ್ಲೈಟ್‌ಮನ್ನೂ ಅದನ್ನು ಪ್ರಕಟಿಸಿದರು. ಇವತ್ತು ಬ್ಯಾಂಡ್ ತೋರಿಸುವ ರೆಮ್, ಅಂದರೆ ಕಣ್ಣು ಚುರುಕಾಗಿ ಅಲುಗುವ ನಿದ್ದೆ, ಅನ್ನುವ ಪಟ್ಟಿ ಅದೇ.

ಹಾಗಾದರೆ ಬ್ಯಾಂಡ್ ಎಷ್ಟು ಸರಿ? ಲ್ಯಾಬಿನ ತಂತಿಯನ್ನೂ ಬ್ಯಾಂಡನ್ನೂ ಒಟ್ಟಿಗೆ ಕಟ್ಟಿ ಎಷ್ಟೋ ಕಡೆ ಪರೀಕ್ಷೆ ಮಾಡಿದ್ದಾರೆ. ನಿದ್ದೆಯನ್ನು ನಿದ್ದೆ ಅಂತ ಗುರುತಿಸುವುದರಲ್ಲಿ ಬ್ಯಾಂಡ್ ಜಾಣ. 100ರಲ್ಲಿ 90ಕ್ಕೂ ಹೆಚ್ಚು ಸಲ ಸರಿ. ಎಚ್ಚರವನ್ನು ಎಚ್ಚರ ಅಂತ ಗುರುತಿಸುವಾಗಲೇ ಎಡವುವುದು. ಅಲುಗಾಡದೆ ಸುಮ್ಮನೆ ಬಿದ್ದುಕೊಂಡಿರುವವನು ಅದರ ಕಣ್ಣಿಗೆ ಮಲಗಿದವನೇ. ತಮ್ಮನ ವಿಷಯದಲ್ಲಿ ಬ್ಯಾಂಡ್ ಮಾಡಿದ ಮೋಸ ಬಯಲಾಯಿತಲ್ಲ! ಆದರೆ ಇದರಲ್ಲಿ ಒಂದು ನೋವಿನ ಮಾತೂ ಇದೆ. ನಿದ್ದೆ ಬಾರದೆ ಸೂರು ನೋಡುತ್ತಾ ಮಲಗಿರುತ್ತಾರಲ್ಲ, ಅವರ ಕೈಯಲ್ಲಿಯೇ ಬ್ಯಾಂಡ್ ಜಾಸ್ತಿ ಸುಳ್ಳು ಹೇಳುತ್ತದೆ. ಯಾರಿಗೆ ಸರಿ ಲೆಕ್ಕ ಬೇಕೋ ಅವರಿಗೇ ತಪ್ಪು ಲೆಕ್ಕ.

ಹಂತಗಳ ವಿಷಯ ಇನ್ನೂ ಸಡಿಲ. ಹಗುರ, ಗಾಢ, ಕನಸು, ಎಚ್ಚರ, ಈ ನಾಲ್ಕನ್ನು ಬಿಡಿಸುವಾಗ ಬ್ಯಾಂಡ್ ಲ್ಯಾಬಿಗೆ ಹೊಂದುವುದು 100ರಲ್ಲಿ ಸುಮಾರು 60ರಿಂದ 80 ತುಂಡುಗಳಲ್ಲಿ. ಬ್ಯಾಂಡಿನಿಂದ ಬ್ಯಾಂಡಿಗೆ, ಮನುಷ್ಯನಿಂದ ಮನುಷ್ಯನಿಗೆ ಬೇರೆ. ಆದರೆ ನ್ಯಾಯವಾಗಿ ಹೇಳಬೇಕಲ್ಲ. ಲ್ಯಾಬಿನಲ್ಲಿ ಒಂದೇ ರಾತ್ರಿಯ ಗೆರೆಯನ್ನು ಇಬ್ಬರು ಪರಿಣತರಿಗೆ ಕೊಟ್ಟರೆ, ಅವರೂ ಒಪ್ಪುವುದು 100ರಲ್ಲಿ ಸುಮಾರು 80 ಕಡೆ ಮಾತ್ರ. ಹಗುರಕ್ಕೂ ಗಾಢಕ್ಕೂ ನಡುವೆ ಬೇಲಿ ಹಾಕಿಲ್ಲ ನೋಡಿ.

ಪಟ್ಟಿ ಸಡಿಲ ಕಟ್ಟಿದರೆ ಬೆಳಕು ಸೋರಿ ಲೆಕ್ಕ ಕೆಡುತ್ತದೆ. ಹೃದಯ ಬಡಿತದ ಲಯವೇ ತಪ್ಪಿರುವವರಲ್ಲಿ, ಬಡಿತ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಊಹೆ ಇನ್ನೂ ಅಡ್ಡಾದಿಡ್ಡಿ.

ನನ್ನ ಪಾಡು ಕೇಳಿ. ಬ್ಯಾಂಡ್ ಬಂದ ಹೊಸದರಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಡೀಪ್ ಸ್ಲೀಪ್, ಅಂದರೆ ಗಾಢ ನಿದ್ದೆ, ಎಷ್ಟು ಅಂತ ನೋಡುವ ಚಟ ಹತ್ತಿತು. ಒಂದು ದಿನ 38 ನಿಮಿಷ ಅಂತ ಇತ್ತು. ಚೆನ್ನಾಗಿಯೇ ಎದ್ದಿದ್ದವನು ಅದನ್ನು ನೋಡಿದ ಮೇಲೆ ಮಂಕಾದೆ. ಕುಕ್ಕರಹಳ್ಳಿ ಕೆರೆಯ ವಾಕಿಂಗಿಗೂ ಹೋಗಲಿಲ್ಲ. "ರಾತ್ರಿಯೆಲ್ಲ ಗೊರಕೆ ಹೊಡೆದದ್ದು ಮತ್ತೆ ಯಾರು?" ಅಂತ ನನ್ನಾಕೆ ಕೇಳಿದಳು. ಹೀಗೆ ಒಳ್ಳೆಯ ಅಂಕಿಯ ಬೆನ್ನು ಹತ್ತಿ ನಿದ್ದೆ ಕೆಡಿಸಿಕೊಳ್ಳುವುದಕ್ಕೆ 2017ರಲ್ಲಿ ಅಮೆರಿಕದ ಸಂಶೋಧಕರು ಒಂದು ಹೆಸರನ್ನೂ ಇಟ್ಟಿದ್ದಾರೆ, ಆರ್ಥೋಸೋಮ್ನಿಯಾ ಅಂತ.

2014ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇನ್ನೂ ಮಜವಾಗಿದೆ. ಕಾಲೇಜು ಹುಡುಗರಿಗೆ ಯಂತ್ರ ಕಟ್ಟುವ ನಾಟಕ ಮಾಡಿ, "ನಿನ್ನೆ ನಿನಗೆ ಕನಸಿನ ನಿದ್ದೆ ಕಡಿಮೆ" ಅಂತ ಕೆಲವರಿಗೆ, "ಜಾಸ್ತಿ" ಅಂತ ಕೆಲವರಿಗೆ ಹೇಳಿದರು. ಬರೀ ಕಟ್ಟುಕತೆ. ಆದರೂ ಆಮೇಲಿನ ಪರೀಕ್ಷೆಯಲ್ಲಿ ಕಡಿಮೆ ಅನ್ನಿಸಿಕೊಂಡವರು ಹಿಂದೆ ಬಿದ್ದರು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ನಿಲಯ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಮೇಷ್ಟ್ರು. ಅವರಿದ್ದಿದ್ದರೆ ಈ ಪ್ರಯೋಗಕ್ಕೆ ಒಂದು ಇಡೀ ಭಾಷಣ ಕೊಡುತ್ತಿದ್ದರೇನೋ.

ಈಗ ನಾನು ಬ್ಯಾಂಡಿನಲ್ಲಿ ನೋಡುವುದು ಎಷ್ಟಕ್ಕೆ ಮಲಗಿದೆ, ಎಷ್ಟಕ್ಕೆ ಎದ್ದೆ ಎನ್ನುವುದನ್ನು. ಅದೂ ಎರಡು ಮೂರು ವಾರದ್ದನ್ನು ಒಟ್ಟಿಗೆ ಇಟ್ಟು. ಹಂತಗಳ ಬಣ್ಣದ ಪಟ್ಟಿ ನೋಡುವುದನ್ನು ಬಿಟ್ಟಿದ್ದೇನೆ. ವಯಸ್ಸಾದ ಹಾಗೆ ಗಾಢ ನಿದ್ದೆ ತಾನಾಗಿಯೇ ಇಳಿಯುತ್ತದೆ. ಮೊಮ್ಮಗನ ಅಂಕಿಗೆ ನನ್ನ ಅಂಕಿ ಹೋಲಿಸಿ ಏನು ಪ್ರಯೋಜನ?

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಜೋರಾಗಿ ಗೊರಕೆ ಹೊಡೆಯುತ್ತಾ ನಡುವೆ ಉಸಿರು ಕಟ್ಟಿದ ಹಾಗಾಗುತ್ತಿದ್ದರೆ, ಹಗಲಲ್ಲಿ ಕೂತಲ್ಲೇ ತೂಕಡಿಕೆ ಬರುತ್ತಿದ್ದರೆ, ಬೈಕ್ ಓಡಿಸುವಾಗ ಕಣ್ಣು ಎಳೆಯುತ್ತಿದ್ದರೆ, ಬ್ಯಾಂಡ್ ನಿಮ್ಮ ನಿದ್ದೆಗೆ ನೂರಕ್ಕೆ ತೊಂಬತ್ತು ಅಂಕ ಕೊಟ್ಟಿದ್ದರೂ ಡಾಕ್ಟರ ಹತ್ತಿರ ಹೋಗಿ. ಉಸಿರು ಕಟ್ಟುವ ಆ ತೊಂದರೆಯನ್ನು ಪತ್ತೆ ಮಾಡಲು ಬೇರೆ ಪರೀಕ್ಷೆ ಇದೆ.

ತಮ್ಮನ ವಿಷಯ ಹೇಳಲಿಲ್ಲ. ಒಂದು ಹಳೆಯ ಬ್ಯಾಂಡನ್ನು ಅವನಿಗೇ ಕೊಟ್ಟೆ. ನಿದ್ದೆಯ ಲೆಕ್ಕ ಅವನು ನೋಡುವುದೇ ಇಲ್ಲ. ರಾತ್ರಿ ಹನ್ನೆರಡೂ ಮುಕ್ಕಾಲಿಗೆ ಅಲಾರಂ ಇಟ್ಟಿದ್ದಾನೆ. ಸದ್ದಿಲ್ಲದೆ ಕೈ ಮೇಲೆ ಗುಂಯ್ ಅನ್ನುತ್ತದೆ. ಮೊದಲು ಮೊಬೈಲ್ ಕೂಗಿದರೆ ಮನೆಯವರೆಲ್ಲ ಏಳುತ್ತಿದ್ದರಂತೆ. ಈಗ ಅವನೊಬ್ಬ ಎದ್ದು, ಟಾರ್ಚು, ಗುದ್ದಲಿ ಹಿಡಿದು ಗದ್ದೆಗೆ ಹೋಗುತ್ತಾನೆ.

ನಮಸ್ಕಾರ.