ಜಗಳ ಎಲ್ಲೆಲ್ಲೂ ಇದೆ, ಯುದ್ಧ ಯಾಕೆ ಅಪರೂಪ?

ಎಲ್ಲರಿಗೂ ನಮಸ್ಕಾರ.

ಯುದ್ಧ ಯಾಕೆ ಆಗುತ್ತದೆ ಅಂತ ಯಾರನ್ನು ಕೇಳಿದರೂ ಉತ್ತರ ತಯಾರಿರುತ್ತದೆ. ನೆಲಕ್ಕಾಗಿ, ಎಣ್ಣೆಗಾಗಿ, ಧರ್ಮಕ್ಕಾಗಿ, ಯಾರೋ ಒಬ್ಬನ ಅಹಂಕಾರಕ್ಕಾಗಿ. ಯಾವುದೂ ಪೂರ್ತಿ ಸುಳ್ಳಲ್ಲ. ಆದರೆ ಗಡಿ ತಕರಾರು ಇರುವ ದೇಶಗಳು ಬೇಕಾದಷ್ಟಿವೆ. ಅಹಂಕಾರಿ ನಾಯಕರಿಗಂತೂ ಯಾವ ಕಾಲದಲ್ಲೂ ಬರವಿಲ್ಲ. ಆದರೂ ಹೆಚ್ಚಿನ ಜಗಳಗಳು ಯುದ್ಧದವರೆಗೆ ಹೋಗುವುದೇ ಇಲ್ಲ. ಅಂದರೆ ನಾವು ಹೇಳುತ್ತಿರುವುದು ಜಗಳದ ಕಾರಣ. ಯುದ್ಧದ ಕಾರಣವನ್ನು ಬೇರೆ ಕಡೆ ಹುಡುಕಬೇಕು.

ಸುಮ್ನೆ ವಾದ ಮಾಡುವುದು ಬಿಟ್ಟು ಎಣಿಸಿ ನೋಡೋಣ ಅಂತ ಹೊರಟವರಲ್ಲಿ ಲೂಯಿಸ್ ಫ್ರೈ ರಿಚರ್ಡ್‌ಸನ್ ಮೊದಲಿಗರಲ್ಲೊಬ್ಬರು. ಇಂಗ್ಲೆಂಡಿನ ಹವಾಮಾನ ವಿಜ್ಞಾನಿ. ಯುದ್ಧವನ್ನು ಒಪ್ಪದ ಕ್ವೇಕರ್ ಎಂಬ ಕ್ರೈಸ್ತ ಪಂಥದವರಾದ್ದರಿಂದ ಬಂದೂಕು ಹಿಡಿಯಲಿಲ್ಲ, ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಆಂಬುಲೆನ್ಸ್ ದಳದಲ್ಲಿ ಕೆಲಸ ಮಾಡಿದರು. ಮುಂದೆ 1820ರಿಂದ ಈಚಿನ ಯುದ್ಧಗಳನ್ನು ಪಟ್ಟಿ ಮಾಡಿ, ಸತ್ತವರ ಸಂಖ್ಯೆಯ ಮೇಲೆ ವಿಂಗಡಿಸಿದರು. ಯಾವ ವರ್ಷ ಎಷ್ಟು ಯುದ್ಧ ಶುರುವಾಯಿತು ಅಂತ ನೋಡಿದರೆ, ಅದು ಯಾವ ಕ್ರಮವೂ ಇಲ್ಲದೆ ನಡೆಯುವ ಆಕಸ್ಮಿಕ ಘಟನೆಗಳ ಲೆಕ್ಕಕ್ಕೆ ಹೆಚ್ಚುಕಡಿಮೆ ಸರಿಯಾಗಿ ಹೊಂದುತ್ತಿತ್ತು. ನೆರೆಹೊರೆ ಜಾಸ್ತಿ ಇದ್ದರೆ ಯುದ್ಧವೂ ಜಾಸ್ತಿಯೇ ಎಂದು ನೋಡಲು ಗಡಿಗಳ ಉದ್ದ ಹುಡುಕಿದರು. ಸ್ಪೇನ್ ಮತ್ತು ಪೋರ್ಚುಗಲ್ ನಡುವಿನ ಗಡಿ ಒಂದು ದಾಖಲೆಯಲ್ಲಿ 987 ಕಿಲೋಮೀಟರ್, ಇನ್ನೊಂದರಲ್ಲಿ 1,214! ಅಳತೆಗೋಲು ಚಿಕ್ಕದಾದಷ್ಟೂ ಗಡಿ ಉದ್ದವಾಗುತ್ತದೆ ಎಂಬುದು ಅವರಿಗೆ ಹೊಳೆದದ್ದು ಆಗ. ಅದು ಮುಂದೆ ಗಣಿತದಲ್ಲಿ ಬೇರೆಯದೇ ದಾರಿ ಹಿಡಿಯಿತು, ಆ ಕಥೆ ಇವತ್ತು ಬೇಡ.

1963ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ರಾಜಕೀಯ ವಿಜ್ಞಾನಿ ಡೇವಿಡ್ ಸಿಂಗರ್ ಇದೇ ಕೆಲಸವನ್ನು ದೊಡ್ಡ ಮಟ್ಟದಲ್ಲಿ ಶುರುಮಾಡಿದರು. 1816ರಿಂದ ಈಚೆಗೆ, ಕನಿಷ್ಠ 1,000 ಸಾವು ಆದ ಸಂಘರ್ಷಗಳನ್ನಷ್ಟೇ ಯುದ್ಧ ಅಂತ ಎಣಿಸಿದರು. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದವರು ವರ್ಷಕ್ಕೆ 25 ಸಾವು ಆದರೂ ಸಂಘರ್ಷ ಅಂತ ದಾಖಲಿಸುತ್ತಾರೆ. ಗೆರೆ ಎಲ್ಲಿ ಎಳೆಯುತ್ತೀರಿ ಎನ್ನುವುದರ ಮೇಲೆ ಯುದ್ಧ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಎಂಬ ಉತ್ತರವೂ ಬದಲಾಗಬಹುದು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಯುದ್ಧದಲ್ಲಿ ಇಬ್ಬರಿಗೂ ನಷ್ಟ. ಕೊನೆಗೆ ಬರುವ ಫಲಿತಾಂಶ ಏನೇ ಇರಲಿ, ಅದನ್ನೇ ಮೊದಲು ಮಾತಾಡಿ ಹಂಚಿಕೊಂಡಿದ್ದರೆ ಜನ, ಹಣ ಎರಡೂ ಉಳಿಯುತ್ತಿತ್ತು ಅಲ್ವಾ? ಮತ್ತೆ ಯಾಕೆ ರಾಜಿ ಆಗಲಿಲ್ಲ? 1995ರಲ್ಲಿ ಅಮೆರಿಕದ ರಾಜಕೀಯ ವಿಜ್ಞಾನಿ ಜೇಮ್ಸ್ ಫಿಯರಾನ್ ಈ ಪ್ರಶ್ನೆಯನ್ನು ಎಲ್ಲದಕ್ಕಿಂತ ಮುಂದಿಟ್ಟರು. ಸೂಜಿಮೊನೆಯಷ್ಟು ಜಾಗವನ್ನೂ ಕೊಡೆ ಎಂದ ದುರ್ಯೋಧನನ ಹಟ ನಮಗೆಲ್ಲ ಗೊತ್ತು. ಆದರೆ ಹಟ ಒಂದರಿಂದಲೇ ಎಲ್ಲ ಯುದ್ಧವೂ ಆಗುವುದಿಲ್ಲ. ಫಿಯರಾನ್ ಒತ್ತುಕೊಟ್ಟ ಕಾರಣಗಳು ಮುಖ್ಯವಾಗಿ ಎರಡು. ಎದುರಾಳಿಯ ಬಲ ಮತ್ತು ಮನಸ್ಸು ನಮಗೆ ಸರಿಯಾಗಿ ಗೊತ್ತಿರುವುದಿಲ್ಲ, ಹೇಳಿದರೂ ನಂಬುವ ಹಾಗಿಲ್ಲ. ಜೊತೆಗೆ, ಇವತ್ತು ಕೊಟ್ಟ ಮಾತನ್ನು ನಾಳೆ ಉಳಿಸಿಕೊಳ್ಳುತ್ತಾನೆ ಅನ್ನುವ ಖಾತರಿ ಇರುವುದಿಲ್ಲ.

ಮೊದಲನೆಯದಕ್ಕೆ 1982ರ ಫಾಕ್‌ಲ್ಯಾಂಡ್ಸ್ ಯುದ್ಧ ನೋಡಿ. ದಕ್ಷಿಣ ಅಟ್ಲಾಂಟಿಕ್‌ನ ಈ ದ್ವೀಪಗಳು ಬ್ರಿಟನ್ನಿನ ಕೈಯಲ್ಲಿದ್ದವು, ಅರ್ಜೆಂಟೀನಾ ತನ್ನವು ಎನ್ನುತ್ತಿತ್ತು. ದ್ವೀಪದಲ್ಲಿ ಇದ್ದವರು ಸುಮಾರು 1,800 ಜನ. ಅರ್ಜೆಂಟೀನಾದಲ್ಲಿ ಆಗ ಸೇನಾ ಆಡಳಿತ. ಬೆಲೆಗಳು ಆಕಾಶಕ್ಕೇರಿದ್ದವು, ಮಾರ್ಚ್ 30ರಂದು ಕಾರ್ಮಿಕರು ಬೀದಿಗಿಳಿದರು. ಏಪ್ರಿಲ್ 2ರಂದು ಸೇನೆ ದ್ವೀಪಕ್ಕೆ ನುಗ್ಗಿತು, ಅದೇ ಜನ ಚೌಕದಲ್ಲಿ ಸೇರಿ ಜೈಕಾರ ಹಾಕಿದರು. ಜನರ ಗಮನ ಬೇರೆ ಕಡೆ ತಿರುಗಿಸಲು ಮಾಡಿದ ಯುದ್ಧ ಅಂತ ಹೇಳಿ ಇಲ್ಲಿಗೇ ನಿಲ್ಲಿಸುವವರೇ ಜಾಸ್ತಿ. ನನಗೆ ಅದು ಅರ್ಧ ಉತ್ತರ ಅನ್ನಿಸುತ್ತದೆ. ದ್ವೀಪ ಹಿಡಿದರೆ ಬ್ರಿಟನ್ ಅಷ್ಟು ದೂರ ನೌಕಾಪಡೆ ಕಳಿಸುವುದಿಲ್ಲ ಎಂದು ಸೇನಾಧಿಕಾರಿಗಳು ನಂಬಿದ್ದರು. ಹಾಗೆ ನಂಬಲು ಆಧಾರವೂ ಇತ್ತು. ಆ ಸಮುದ್ರದಲ್ಲಿದ್ದ ತನ್ನ ಗಸ್ತು ಹಡಗನ್ನು ವಾಪಸ್ ಕರೆಸಿಕೊಳ್ಳುವುದಾಗಿ ಬ್ರಿಟನ್ ಹಿಂದಿನ ವರ್ಷವೇ ಹೇಳಿತ್ತು. ಹಣ ಉಳಿಸಲು ಮಾಡಿದ ತೀರ್ಮಾನ ಅದು. ಆಚೆ ಕಡೆಯವರು ಅದನ್ನು ಓದಿಕೊಂಡದ್ದೇ ಬೇರೆ ರೀತಿ. 74 ದಿನಗಳಲ್ಲಿ ಅರ್ಜೆಂಟೀನಾದ 649, ಬ್ರಿಟನ್ನಿನ 255 ಯೋಧರು, ಮೂವರು ದ್ವೀಪವಾಸಿಗಳು ಸತ್ತರು. ದ್ವೀಪ ಯಾರ ಕೈಯಲ್ಲಿತ್ತೋ ಅವರ ಕೈಯಲ್ಲೇ ಉಳಿಯಿತು.

ಎರಡನೆಯ ಕಾರಣ, ಮೊದಲ ಮಹಾಯುದ್ಧ ಶುರುವಾದ 1914ರ ಬರ್ಲಿನ್‌ನಲ್ಲಿ ಕಾಣುತ್ತದೆ. ರಷ್ಯಾ ಸೇನೆಯನ್ನು ಬೆಳೆಸುತ್ತಿತ್ತು, 1917ರ ಹೊತ್ತಿಗೆ ಅದನ್ನು ತಡೆಯಲಾಗುವುದಿಲ್ಲ ಎಂಬ ಭಯ ಜರ್ಮನಿಯ ಸೇನಾನಾಯಕರಿಗಿತ್ತು. ಬಲ ಬಂದ ಮೇಲೆ ನಾನು ನಿನ್ನನ್ನು ಮುಟ್ಟುವುದಿಲ್ಲ ಅಂತ ರಷ್ಯಾ ಹೇಳಿದ್ದರೂ ನಂಬುವುದು ಹೇಗೆ?

ದೇಶದ ಒಳಗಿನ ಯುದ್ಧಗಳಲ್ಲಿ ಈ ನಂಬಿಕೆಯ ಸಮಸ್ಯೆ ಇನ್ನೂ ಕೆಟ್ಟದ್ದು. ಫಿಯರಾನ್ ಮತ್ತು ಡೇವಿಡ್ ಲೈಟಿನ್ 2003ರಲ್ಲಿ ಕೊಟ್ಟ ಲೆಕ್ಕ ಇದು. 1945ರಿಂದ 1999ರವರೆಗೆ ದೇಶ ದೇಶಗಳ ನಡುವೆ 25 ಯುದ್ಧ, ದೇಶಗಳ ಒಳಗೆ ಸುಮಾರು 127. ಮೊದಲನೆಯವು ಸಾಮಾನ್ಯವಾಗಿ ಮೂರು ತಿಂಗಳೊಳಗೆ ಮುಗಿದರೆ, ಅಂತರ್ಯುದ್ಧಗಳು ಆರು ವರ್ಷ ಎಳೆದವು. ಜನಾಂಗಗಳು ಬೆರೆತಿರುವ ದೇಶದಲ್ಲೇ ಅಂತರ್ಯುದ್ಧ ಹೆಚ್ಚು ಎಂಬ ಮಾತು ಅವರ ಲೆಕ್ಕದಲ್ಲಿ ನಿಲ್ಲಲಿಲ್ಲ. ಬಡತನ, ಕೈಲಾಗದ ಸರ್ಕಾರ, ಅಡಗಲು ಗುಡ್ಡಗಾಡು ಇದ್ದರೆ ಅಪಾಯ ಜಾಸ್ತಿ. ಇದಕ್ಕೆ ಲಾರ್ಸ್ ಎರಿಕ್ ಸೆಡರ್‌ಮನ್, ಆಂಡ್ರಿಯಾಸ್ ವಿಮ್ಮರ್ ಮತ್ತಿತರ ಸಂಶೋಧಕರು ತಕರಾರು ತೆಗೆದರು. ಎಷ್ಟು ಜನಾಂಗ ಇವೆ ಅಂತಲ್ಲ, ಅಧಿಕಾರದಿಂದ ಯಾರನ್ನು ಹೊರಗಿಟ್ಟಿದ್ದಾರೆ ಅಂತ ನೋಡಿ ಎಂದರು. ನನ್ನ ಒಲವು ಇವರ ಕಡೆಗೇ.

ಆದರೆ ಶುರುವಾದದ್ದು ಯಾಕೆ ನಿಲ್ಲುವುದಿಲ್ಲ? ಅಂತರ್ಯುದ್ಧಗಳನ್ನು ಅಧ್ಯಯನ ಮಾಡಿದ ಬಾರ್ಬರಾ ವಾಲ್ಟರ್ ಅವರ ಉತ್ತರ ಸರಳ. ದೇಶ ದೇಶಗಳ ಯುದ್ಧ ಮುಗಿದರೆ ಇಬ್ಬರೂ ಸೈನ್ಯ ಇಟ್ಟುಕೊಂಡೇ ಮನೆಗೆ ಹೋಗುತ್ತಾರೆ. ಅಂತರ್ಯುದ್ಧದಲ್ಲಿ ಬಂಡಾಯಗಾರರು ಬಂದೂಕು ಕೆಳಗಿಡಬೇಕು. ಇಟ್ಟ ಮರುದಿನ ಅವರನ್ನು ಕಾಯುವವರು ಯಾರು?

ಕೊಲಂಬಿಯಾದಲ್ಲಿ ಇದು ಕಣ್ಣೆದುರೇ ನಡೆಯಿತು. 1985ರಲ್ಲಿ ಶಾಂತಿ ಮಾತುಕತೆಯ ಭಾಗವಾಗಿ ಫಾರ್ಕ್ ಬಂಡಾಯಗಾರರು ಒಂದು ರಾಜಕೀಯ ಪಕ್ಷ ಕಟ್ಟಿ ಚುನಾವಣೆಗೆ ಇಳಿದರು. ಆ ಪಕ್ಷದ ಸಾವಿರಾರು ಜನ ಕೊಲೆಯಾದರು, ಅಧ್ಯಕ್ಷ ಹುದ್ದೆಗೆ ನಿಂತ ಇಬ್ಬರೂ ಅದರಲ್ಲಿ ಸೇರಿದ್ದರು. ಯುದ್ಧ ಮತ್ತೆ ಮೂರು ದಶಕ ಮುಂದುವರಿಯಿತು. 2016ರ ಒಪ್ಪಂದದಲ್ಲಿ ಬಂದೂಕುಗಳನ್ನು ಸರ್ಕಾರದ ಕೈಗೆ ಕೊಡಲಿಲ್ಲ, ವಿಶ್ವಸಂಸ್ಥೆಯವರು ಬಂದು ಕಂಟೇನರ್‌ಗಳಲ್ಲಿ ತುಂಬಿಸಿಕೊಂಡರು. ಮೂರನೆಯವರು ನಡುವೆ ನಿಂತದ್ದರಿಂದ ಸುಮಾರು 7,000 ಜನ ಶಸ್ತ್ರ ಬಿಟ್ಟರು. ಆದರೂ ಆಮೇಲೆ ಅವರಲ್ಲಿ ನೂರಾರು ಮಂದಿ ಕೊಲೆಯಾದರು. 2019ರಲ್ಲಿ, ಒಪ್ಪಂದದ ಮಾತುಕತೆ ನಡೆಸಿದ್ದ ನಾಯಕರೊಬ್ಬರೇ ಮತ್ತೆ ಬಂದೂಕು ಹಿಡಿದು ವಿಡಿಯೊದಲ್ಲಿ ಕಾಣಿಸಿಕೊಂಡರು. ಸರ್ಕಾರ ಮಾತು ತಪ್ಪಿತು ಎನ್ನುವುದು ಅವರ ದೂರು.

ಇನ್ನು ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ.